ತಂತಿಯಿಲ್ಲದ ಗಿಟಾರು

ಪಗಾರವಾದ ಮೇಲಿನ ಭಾನುವಾರ ನಮ್ಮ ವಾಚನಾಲಯದ ಸದಸ್ಯರೊಬ್ಬರು ಹಳೆಯ ಸಾಮಾನಿನ ಬಜಾರಿನಿಂದ ಒಂದು ಗಿಟಾರನ್ನು ಹೊತ್ತು ತಂದರು. ಮಗಳಿಗೆ ಸಂಗೀತ ಕಲಿಸಬೇಕೆಂಬುದು ಅವರ ಬಹುದಿನದ ಆಸೆ. ಮೂರುನೂರು ರೂಪಾಯಿಗೆ ಸಿಕ್ಕಿತೆಂದು ಹಿಗ್ಗಿನಲ್ಲಿದ್ದರು. "ಇದಕ್ಕೆ ತಂತಿ ಎಲ್ಲಿ ಹಾಕಿಸುವುದು, ರಾಯರೇ?" ಎಂದು ನನ್ನನ್ನು ಕೇಳಿದರು.

ತಿರುಗಿಸಿ ನೋಡಿದೆ. ತಂತಿ ಕಟ್ಟುವ ಜಾಗವೇ ಇರಲಿಲ್ಲ. ಕತ್ತಿನ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳು. ತಂತಿ ಮೀಟುವ ಕಡೆ ಮೇಲೆ ಕೆಳಗೆ ಆಡುವ ಒಂದು ಸಣ್ಣ ಪಟ್ಟಿ. ಬಾಲದಲ್ಲಿ ತುಂಡಾದ ಒಂದು ವೈರು. ಅದು ವಾದ್ಯವಲ್ಲ, ವಿಡಿಯೋ ಆಟದ ಸಾಧನ. ಇನ್ನೊಬ್ಬರು ಇದೇ ಆಸೆಯಿಂದ ದುಡ್ಡು ಕಳೆಯದಿರಲೆಂದು, ಮತ್ತು ಈ ಸಾಧನದ ಕಥೆ ಸ್ವಾರಸ್ಯವಾಗಿಯೂ ಇರುವುದರಿಂದ, ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತೇನೆ.

ಈ ಬಗೆಯ ಆಟಗಳು ಮೊದಲು ಬಳಕೆಗೆ ಬಂದುದು ಜಪಾನಿನಲ್ಲಿ. ಅಲ್ಲಿಯ ಕೊನಾಮಿ ಕಂಪನಿ 1999ರಲ್ಲಿ ಆಟದ ಅಂಗಡಿಗಳಿಗಾಗಿ 'ಗಿಟಾರ್ ಫ್ರೀಕ್ಸ್' ಎಂಬ ಯಂತ್ರವನ್ನು ಹೊರತಂದಿತು. ಅದರ ಗಿಟಾರಿಗೆ ಮೂರೇ ಗುಂಡಿ. ಅದೇ ವರ್ಷ ಡ್ರಮ್ ಬಾರಿಸುವ 'ಡ್ರಮ್ ಮೇನಿಯಾ' ಬಂತು. 2001ರಲ್ಲಿ ನಾಮ್ಕೊ ಕಂಪನಿ ಜಪಾನೀ ನಗಾರಿಯ ಆಟವಾದ 'ತೈಕೊ ನೊ ತತ್ಸುಜಿನ್' ಅನ್ನು ತಂದಿತು. ಅದರಲ್ಲಿ ಕೆಂಪು ಗುರುತು ಬಂದರೆ ನಗಾರಿಯ ನಡುವೆ, ನೀಲಿ ಬಂದರೆ ಅಂಚಿಗೆ ಹೊಡೆಯಬೇಕು. ಮಕ್ಕಳಿಂದ ಮುದುಕರವರೆಗೆ ಯಾರಿಗಾದರೂ ಒಂದು ನಿಮಿಷದಲ್ಲಿ ತಿಳಿಯುವ ಆಟ.

ಅಮೆರಿಕದಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿದ ಅಲೆಕ್ಸ್ ರಿಗೋಪುಲೋಸ್ ಮತ್ತು ಎರಾನ್ ಇಗೋಜಿ ಎಂಬ ಇಬ್ಬರು ತರುಣರು 1995ರಲ್ಲಿ ಹಾರ್ಮೋನಿಕ್ಸ್ ಕಂಪನಿಯನ್ನು ಕಟ್ಟಿದ್ದರು. ವಾದ್ಯ ಕಲಿಯದ ಸಾಮಾನ್ಯನಿಗೂ ನುಡಿಸುವ ಸುಖವನ್ನು ಕೊಡಬೇಕೆಂಬುದು ಅವರ ಹಂಬಲ. ಹತ್ತು ವರ್ಷ ಅವರಿಗೆ ದೊಡ್ಡ ಗೆಲುವೇನೂ ಸಿಗಲಿಲ್ಲ. ಆಗ, ಮನೆಯಲ್ಲಿ ಹಾಸಿಕೊಂಡು ಕುಣಿಯುವ ಆಟದ ಚಾಪೆಗಳನ್ನು ಮಾರುತ್ತಿದ್ದ ರೆಡ್ ಆಕ್ಟೇನ್ ಎಂಬ ಸಂಸ್ಥೆ ಇವರೊಡನೆ ಕೂಡಿತು. ಅವರು ಗಿಟಾರು ಮಾಡಿದರು, ಇವರು ಆಟ ಮಾಡಿದರು. ಹೀಗೆ 2005ರ ನವೆಂಬರಿನಲ್ಲಿ 'ಗಿಟಾರ್ ಹೀರೋ' ಪೇಟೆಗೆ ಬಂತು.

ಆಟದ ರೀತಿ ಹೀಗೆ. ಟಿ.ವಿ.ಗೆ ಆಟದ ಯಂತ್ರವನ್ನೂ ಅದಕ್ಕೆ ಈ ಗಿಟಾರನ್ನೂ ಜೋಡಿಸಬೇಕು. ಪರದೆಯ ಮೇಲೆ ಗಿಟಾರಿನ ಕತ್ತೇ ಒಂದು ರಸ್ತೆಯಾಗಿ ಮಲಗಿರುತ್ತದೆ. ಹಾಡು ಆರಂಭವಾದೊಡನೆ ಬಣ್ಣದ ಬಿಲ್ಲೆಗಳು ಆ ರಸ್ತೆಯ ಮೇಲೆ ನಮ್ಮತ್ತ ಇಳಿದು ಬರುತ್ತವೆ. ಬಿಲ್ಲೆ ಕೆಳಗಿನ ಗೆರೆಯನ್ನು ಮುಟ್ಟುವ ಕ್ಷಣಕ್ಕೆ ಎಡಗೈ ಅದೇ ಬಣ್ಣದ ಗುಂಡಿಯನ್ನು ಒತ್ತಿರಬೇಕು, ಬಲಗೈ ಪಟ್ಟಿಯನ್ನು ಮೀಟಬೇಕು. ಹೊಸಬರಿಗೆ ಮೂರು ಗುಂಡಿ ಸಾಕು. ಪಳಗಿದವರಿಗೆ ಐದೂ ಬೇಕು.

ಸೋಜಿಗವಿರುವುದು ಹಾಡಿನ ಜೋಡಣೆಯಲ್ಲಿ. ನಮ್ಮ ಗಿರಣಿಯಲ್ಲಿ ಹಾಸಿನ ನೂಲು ಬೇರೆ, ಹೊಕ್ಕಿನ ನೂಲು ಬೇರೆ ಇರುವಂತೆ, ಆಟದೊಳಗಿನ ಹಾಡಿನಲ್ಲಿ ಗಿಟಾರಿನ ಧ್ವನಿಯನ್ನು ಬೇರೆ ಎಳೆಯಾಗಿ ಇಟ್ಟಿರುತ್ತಾರೆ. ಆಡುವವನು ಸರಿಯಾಗಿ ಮೀಟಿದಷ್ಟು ಹೊತ್ತು ಆ ಎಳೆ ಕೇಳಿಸುತ್ತದೆ. ತಪ್ಪಿದನೋ, ಆ ಎಳೆ ಅಷ್ಟಕ್ಕೆ ನಿಂತು, ಉಳಿದ ವಾದ್ಯಗಳು ಮಾತ್ರ ಮುಂದುವರಿಯುತ್ತವೆ. ಆದ್ದರಿಂದ ನುಡಿಸುತ್ತಿರುವವನು ತಾನೇ ಎಂದು ಅವನಿಗೆ ಭಾಸವಾಗುತ್ತದೆ. ಸ್ವರ ಹುಟ್ಟಿಸಿದವನು ಬೇರೊಬ್ಬ ವಾದ್ಯಗಾರ. ಆಡುವವನು ಆ ಸ್ವರಕ್ಕೆ ಬಾಗಿಲು ತೆರೆಯುವವನು ಮಾತ್ರ.

2007ರಲ್ಲಿ ಹಾರ್ಮೋನಿಕ್ಸ್‌ನವರೇ 'ರಾಕ್ ಬ್ಯಾಂಡ್' ಎಂಬ ಆಟವನ್ನು ತಂದು, ಗಿಟಾರಿನ ಜೊತೆಗೆ ಡ್ರಮ್ಮನ್ನೂ ಮೈಕನ್ನೂ ಸೇರಿಸಿದರು. ಒಂದು ಮನೆಯ ನಾಲ್ವರು ಕೂಡಿ ಒಂದು ಮೇಳವಾಗುವಂತಾಯಿತು. ಅದೇ ವರ್ಷ ಬಂದ 'ಗಿಟಾರ್ ಹೀರೋ' ಮೂರನೆಯ ಭಾಗದ ಮಾರಾಟ ನೂರು ಕೋಟಿ ಡಾಲರನ್ನು ದಾಟಿತೆಂದು ಆಕ್ಟಿವಿಷನ್ ಕಂಪನಿ 2009ರಲ್ಲಿ ಸಾರಿತು.

ಏರಿದಷ್ಟೇ ಬೇಗ ಇಳಿತವೂ ಬಂತು. ಒಂದೇ ವರ್ಷದಲ್ಲಿ ನಾಲ್ಕಾರು ಆಟಗಳನ್ನು ಹೊರತಂದರು. ಮನೆಯಲ್ಲಿ ಒಂದು ಪ್ಲಾಸ್ಟಿಕ್ ಗಿಟಾರಿದ್ದವನು ಇನ್ನೊಂದನ್ನು ಏಕೆ ಕೊಂಡಾನು? 2011ರ ಫೆಬ್ರವರಿಯಲ್ಲಿ ಆಕ್ಟಿವಿಷನ್ 'ಗಿಟಾರ್ ಹೀರೋ' ವಿಭಾಗವನ್ನೇ ಮುಚ್ಚಿತು. 2015ರಲ್ಲಿ ಎರಡೂ ಆಟಗಳು ಮತ್ತೊಮ್ಮೆ ಬಂದವು. ಹಿಂದಿನ ಭರ ಬರಲಿಲ್ಲ. 2021ರಲ್ಲಿ ಹಾರ್ಮೋನಿಕ್ಸ್ ಸಂಸ್ಥೆಯನ್ನು ಎಪಿಕ್ ಕಂಪನಿ ಕೊಂಡಿತು. ಯಂತ್ರವಿಲ್ಲದೆ ಆ ಗಿಟಾರು ಯಾವ ಕೆಲಸಕ್ಕೂ ಬಾರದು. ನಮ್ಮ ಮಿತ್ರರ ಕೈಗೆ ಬಂದುದು ಅಂಥದೇ ಒಂದು.

ಹಾಗಾದರೆ ಇದರಿಂದ ಸಂಗೀತ ಬರುತ್ತದೆಯೇ? ಸ್ವರಜ್ಞಾನ ಬರುವುದಿಲ್ಲ. ಐದು ಗುಂಡಿಗೂ ಸ್ವರಸ್ಥಾನಕ್ಕೂ ಸಂಬಂಧವಿಲ್ಲ. ಹಸಿರು ಗುಂಡಿ ಒಂದು ಕಡೆ ಒಂದು ಸ್ವರ, ಮತ್ತೊಂದು ಕಡೆ ಬೇರೊಂದು. ಆದರೆ ಲಯದ ವಿಷಯ ಬೇರೆ. ಸೆಕೆಂಡಿನ ಸಣ್ಣ ಪಾಲಿನಷ್ಟು ಹಿಂದುಮುಂದಾದರೂ ಆಟ ಒಪ್ಪುವುದಿಲ್ಲ. ಹಾಡಿನಲ್ಲಿ ಯಾವ ವಾದ್ಯ ಎಲ್ಲಿ ಏನು ಮಾಡುತ್ತಿದೆಯೆಂದು ಕಿವಿ ಬೇರ್ಪಡಿಸಿ ಕೇಳತೊಡಗುತ್ತದೆ. ಡ್ರಮ್ಮಿನಲ್ಲಂತೂ ಎರಡು ಕೈ, ಒಂದು ಕಾಲು ಬೇರೆಬೇರೆಯಾಗಿ ನಡೆಯಬೇಕಾದ್ದರಿಂದ, ಆ ಅಭ್ಯಾಸ ನಿಜವಾದ ಡ್ರಮ್ಮಿಗೂ ಹತ್ತಿರ. ಭಜನೆಯಲ್ಲಿ ತಾಳ ಹಿಡಿದವನು ಹಾಡುಗಾರನಲ್ಲ, ಆದರೂ ಹಾಡಿನ ಒಳಗೆ ಇರುತ್ತಾನೆ. ಈ ಆಟ ಕೊಡುವುದು ಆ ತಾಳದವನ ಜಾಗವನ್ನು.

ಈ ಕೊರತೆಯನ್ನು ಆಟ ಮಾಡಿದವರೂ ಅರಿತಿದ್ದರು. 2010ರ 'ರಾಕ್ ಬ್ಯಾಂಡ್ 3'ರಲ್ಲಿ ನಿಜವಾದ ತಂತಿಯ ಗಿಟಾರನ್ನೂ ಬಳಸಬಹುದಾಗಿತ್ತು. 2011ರಲ್ಲಿ ಬಂದ 'ರಾಕ್‌ಸ್ಮಿತ್' ಎಂಬ ಆಟದಲ್ಲಿ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರನ್ನೇ ಒಂದು ಕೇಬಲ್ಲಿನಿಂದ ಜೋಡಿಸಿ ನುಡಿಸಿ ಕಲಿಯುವ ಏರ್ಪಾಡಿದೆ.

ಇಷ್ಟನ್ನೂ ನಮ್ಮ ಮಿತ್ರರಿಗೆ ಹೇಳಿದೆ. "ಹಾಗಾದರೆ ಮೂರುನೂರು ರೂಪಾಯಿ ಹೋಯಿತೇ?" ಎಂದರು. ಹೋಯಿತೆಂದೇ ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಅಷ್ಟರಲ್ಲಿ ಅವರ ಮಗಳು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ಬೀದಿಯಲ್ಲಿ ಕೇಳಿಬರುತ್ತಿದ್ದ ಹಾಡಿಗೆ ಸರಿಯಾಗಿ ಪಟ್ಟಿಯನ್ನು ಟಕಟಕನೆ ಮೀಟುತ್ತಿದ್ದಳು. ಒಂದು ಪೆಟ್ಟೂ ತಪ್ಪಲಿಲ್ಲ. ಲಯ ಅವಳಲ್ಲಿ ಆಗಲೇ ಇದೆ. ಸ್ವರ ಕಲಿಸುವ ಗುರುವೊಬ್ಬರು ಬೇಕು. ವಾರಕ್ಕೊಂದು ದಿನ ಕಡಿಮೆ ಶುಲ್ಕಕ್ಕೆ ಪಾಠ ಹೇಳುವವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ವಾಚನಾಲಯಕ್ಕೆ ತಿಳಿಸಬೇಕು.

ಗಿಟಾರು ಸದ್ಯ ಪತ್ರಿಕೆಗಳ ಕಪಾಟಿನ ಮೇಲಿದೆ. ನೋಡಬಯಸುವವರು ಕೇಳಿ ನೋಡಬಹುದು.