ನೆಲ ನಡುಗಿದರೆ ಓಡಬೇಕೇ?

ಕೆಲಸದ ಜಾಗದಲ್ಲಿದ್ದಾಗ ಭೂಮಿ ಕಂಪಿಸಿದರೆ ಹೊರಗೋಡಬಾರದು ಅನ್ನುತ್ತಾರಲ್ಲ, ಏಕೆ? – ಓದುಗರು, ಪಾಂಡವಪುರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸೀಮೆಗೆ ಭೂಕಂಪದ ಭಯ ಕಡಿಮೆ. 2018ರಲ್ಲಿ ಕೆಆರ್‌ಎಸ್ ಸುತ್ತ ಕೇಳಿದ ಭಾರೀ ಸದ್ದಿಗೂ ಕಲ್ಲುಗಣಿ ಸ್ಫೋಟವೇ ಕಾರಣವೆಂಬ ವರದಿ ಬಂತು. ಆದರೂ ನೆಲ ನಡುಗಿದಾಗ ಯೋಚಿಸಲು ಪುರುಸೊತ್ತಿರದು. ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ಪಾದ ಬಸ್ಸಿನೊಂದಿಗೆ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಕಂಪನದಲ್ಲಿ ಓಡುವವರೂ ಹೀಗೇ ಮುಗ್ಗರಿಸುತ್ತಾರೆ. ಮೇಲಾಗಿ ಹೆಂಚು, ಗಾಜು ಉದುರುವುದು ಗೋಡೆಯ ಹೊರಬದಿಗೇ. ಹಾಗಾಗಿ ಗಟ್ಟಿ ಮೇಜಿನಡಿ ಸೇರಿ, ಅದರ ಕಾಲನ್ನು ಬಿಗಿಯಾಗಿ ಹಿಡಿಯಿರಿ. ಕಟ್ಟಡವೇ ಕುಸಿದರೆ? ಸರಿಯಾಗಿ ಕಟ್ಟಿದ ಕಾಂಕ್ರೀಟ್ ಕಟ್ಟಡ ಅಷ್ಟು ಸುಲಭಕ್ಕೆ ಕುಸಿಯದು. 1993ರ ಲಾತೂರು ಭೂಕಂಪದಲ್ಲಿ ಹೆಚ್ಚು ಜೀವ ತೆಗೆದದ್ದು ಮಣ್ಣುಗಾರೆಯ ಕಲ್ಲುಗೋಡೆಗಳು. ಅಂಥ ಮನೆಯಲ್ಲಿ ಬಾಗಿಲು ನಾಲ್ಕೇ ಹೆಜ್ಜೆಯಲ್ಲಿದ್ದರೆ ಹೊರಬೀಳುವುದೇ ಸರಿ. ಆಲೆಮನೆಯಲ್ಲಾದರೆ ಮೊದಲು ಕುದಿಯುವ ಕೊಪ್ಪರಿಗೆಯಿಂದ ದೂರ ಸರಿಯಿರಿ. ನಡುಕ ನಿಂತ ಮೇಲೆ ಕರೆಂಟ್ ತೆಗೆದು, ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಬಯಲಿಗೆ ಬನ್ನಿ. ಮರುಕಂಪನ ಬರಬಹುದು, ಬಿಟ್ಟುಬಂದ ಮೊಬೈಲಿಗಾಗಿ ಒಳನುಗ್ಗಬೇಡಿ.