ಅರವತ್ತು ದಾಟಿದ ಮೇಲೆ ಏರುವ ಕಂತು

ಕರ್ನಾಟಕದ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ಒಬ್ಬರಿಗೆ ವರ್ಷದ ಕಂತು 60 ರೂಪಾಯಿ. ಅಂದರೆ ತಿಂಗಳಿಗೆ ಐದು ರೂಪಾಯಿ. ಆ ದುಡ್ಡಿಗೆ ಹೃದಯದ ಆಪರೇಷನ್ನೂ ಆಗುತ್ತದೆ ಎಂದರೆ ನಂಬುವುದು ಕಷ್ಟವೇ ಇತ್ತು. ಅದರ ಹಿಂದಿದ್ದ ಡಾ. ದೇವಿ ಶೆಟ್ಟಿ ಅವರ ಲೆಕ್ಕ ಮಾತ್ರ ಸರಳ: ಲಕ್ಷಗಟ್ಟಲೆ ಜನ ಸೇರಿದರೆ, ಒಂದು ವರ್ಷದಲ್ಲಿ ಆಪರೇಷನ್ ಬೇಕಾಗುವವರು ಅವರಲ್ಲಿ ಕೆಲವೇ ಮಂದಿ. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು, ಸರ್ಕಾರವೂ ಹಣ ಹಾಕಿತು. 2018ರಲ್ಲಿ ನಿಂತುಹೋದ ಆ ಯೋಜನೆ 2022ರಲ್ಲಿ ಮತ್ತೆ ಶುರುವಾಗಿದ್ದು, ಈಗ ಹಳ್ಳಿಯ ನಾಲ್ವರ ಕುಟುಂಬ ವರ್ಷಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ.

ಇದೇ ರಾಜ್ಯದಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಖಾಸಗಿ ಕಂಪನಿಯಿಂದ ಹತ್ತು ಲಕ್ಷದ ಮೆಡಿಕ್ಲೇಮ್ ಮಾಡಿಸಹೋದರೆ ವರ್ಷದ ಕಂತು ಅರ್ಧ ಲಕ್ಷ ದಾಟುವುದು ಸಾಮಾನ್ಯ. ಶುಗರ್, ಬಿಪಿ ಇದ್ದರೆ ಇನ್ನೂ ಹೆಚ್ಚು. ನಿವೃತ್ತರಾಗಿ ಸಂಬಳ ನಿಂತ ಹೊತ್ತಿಗೇ ಕಂತು ಏರುತ್ತದೆ. ಖಾಸಗಿ ವಿಮೆ ನಮ್ಮ ವಯಸ್ಸನ್ನೂ ಕಾಯಿಲೆಯನ್ನೂ ನೋಡಿ ಬೆಲೆ ಕಟ್ಟುತ್ತದೆ. ನಮ್ಮ ಆದಾಯ ಅದರ ಲೆಕ್ಕಕ್ಕೇ ಬರುವುದಿಲ್ಲ. ತೆರಿಗೆ ಹಣದಲ್ಲಿ ನಡೆಯುವ ವ್ಯವಸ್ಥೆಯಲ್ಲಿ ಗಟ್ಟಿಯಾಗಿರುವವರ ದುಡ್ಡು ಕಾಯಿಲೆ ಬಿದ್ದವರಿಗೆ ಆಗುತ್ತದೆ, ದುಡಿಯುವ ವಯಸ್ಸಿನವರದು ಮುದುಕರಿಗೆ ಆಗುತ್ತದೆ. ನನ್ನ ಮಟ್ಟಿಗೆ ಎರಡರ ನಡುವಿನ ನಿಜವಾದ ವ್ಯತ್ಯಾಸ ಇದೇ.

ಮುದುಕರ ಕಂತು ಏರುತ್ತಿರುವ ವೇಗ ನೋಡಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಮಧ್ಯೆ ಬರಬೇಕಾಯಿತು. ಹಿರಿಯ ನಾಗರಿಕರ ಪಾಲಿಸಿಯ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವುದಾದರೆ ಮೊದಲು ತನ್ನೊಂದಿಗೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಅದು ಕಂಪನಿಗಳಿಗೆ ತಾಕೀತು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿ ಹೋಯಿತು. ಒಳ್ಳೆಯದಾಯಿತು. ಆದರೆ ಕಟ್ಟಿದ ಕಂತು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಆರೋಗ್ಯ ವಿಮೆಯೊಂದನ್ನೇ ಮಾರುವ ಕಂಪನಿಗಳಲ್ಲಿ 2023-24ರಲ್ಲಿ ಪ್ರತಿ 100 ರೂಪಾಯಿ ಕಂತಿಗೆ ಕ್ಲೇಮಿಗೆಂದು ಹೋದದ್ದು ಸುಮಾರು 65. ಉಳಿದದ್ದು ಏಜೆಂಟರ ಕಮಿಷನ್, ಜಾಹೀರಾತು, ಕಚೇರಿ ಖರ್ಚು, ಲಾಭ. ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳಲ್ಲಿ ಈ ಅಂಕಿ 100 ದಾಟಿತ್ತು.

ಕಂತಿನ ಜೊತೆಗೆ ಕಾಣದ ಖರ್ಚೂ ಇದೆ. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ಕೊಠಡಿ ಎಂದಿರುತ್ತದೆ. ಆಸ್ಪತ್ರೆಯಲ್ಲಿ ಆ ದರದ ಕೊಠಡಿ ಖಾಲಿ ಇಲ್ಲವೆಂದು 8,000ದ್ದಕ್ಕೆ ಸೇರುತ್ತೇವೆ. ಕೈಯಿಂದ ಹೋಗುವುದು ದಿನಕ್ಕೆ 3,000 ಎಂದುಕೊಂಡರೆ ಅದು ತಪ್ಪು. ಎಷ್ಟೋ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಶುಲ್ಕಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಅವೆಲ್ಲ ಸೇರಿ 1,60,000 ಆಗಿದ್ದರೆ ಕಂಪನಿ ಕೊಡುವುದು ಒಂದು ಲಕ್ಷ. 60,000 ನಮ್ಮ ತಲೆಗೆ. ಪಾಲಿಸಿ ಮಾರುವಾಗ ಇದನ್ನು ಬಿಡಿಸಿ ಹೇಳುವ ಏಜೆಂಟರು ಅಪರೂಪ.

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಕೌಂಟರಿನಲ್ಲಿ ಒಬ್ಬಳು ಮಗಳನ್ನು ನೋಡಿದ್ದೆ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ‘ಮನೆಗೆ ಕರ್ಕೊಂಡು ಹೋಗಿ’ ಅಂದಿದ್ದರು. ಸಂಜೆ ದೀಪ ಹಾಕುವ ಹೊತ್ತಾದರೂ ಅಪ್ಪ ವಾರ್ಡಿನಲ್ಲೇ ಇದ್ದರು. ‘ಅಪ್ರೂವಲ್ ಬಂದಿಲ್ಲ ಮೇಡಂ, ಒಂದು ಕ್ವೆರಿ ಹಾಕಿದ್ದಾರೆ’ ಎಂದು ಕೌಂಟರಿನ ಹುಡುಗ ಪ್ರತಿ ಸಲವೂ ಅಷ್ಟೇ ಮೆತ್ತಗೆ ಹೇಳುತ್ತಿದ್ದ. ಅಪ್ಪನಿಗೆ ಶುಗರ್ ಯಾವ ವರ್ಷ ಶುರುವಾಯಿತು ಎಂಬುದೇ ಆ ಕ್ವೆರಿ. ಕೊನೆಗೆ ಮಂಜೂರಾತಿ ಬಂದಾಗ ಗ್ಲೌಸು, ಮಾಸ್ಕು, ಏಪ್ರನ್ನು ಇತ್ಯಾದಿಗಳ ಎರಡು ಹಾಳೆಯ ಪಟ್ಟಿ ಜೊತೆಗೆ ಬಂತು. ಅದಷ್ಟೂ ಅವಳೇ ಕಟ್ಟಬೇಕಿತ್ತು. ವರ್ಷವರ್ಷವೂ ತಪ್ಪದೆ ಕಂತು ಕಟ್ಟಿದ ಮನೆ ಅದು.

ಈ ಕಡೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರ ಅಕ್ಟೋಬರ್‌ನಿಂದ ಎರಡೂ ಒಂದಾಗಿ ನಡೆಯುತ್ತಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಯೋಜನೆ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಡುವೆ ವಿಮಾ ಕಂಪನಿ ಇಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದ್ದಕ್ಕೆ ರೆಫರಲ್ ಚೀಟಿ ಬರೆಸಿಕೊಂಡು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತಿದ್ದರೆ ಚೀಟಿ ಬೇಡ.

ಇಂಥ ಯೋಜನೆಯಿಂದ ಜೀವ ಉಳಿಯುತ್ತದೆಯೇ? ನಮ್ಮ ನೆಲದಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಶುರುವಾಯಿತು, ದಕ್ಷಿಣಕ್ಕೆ ಆಮೇಲೆ ಬಂತು. ಗಡಿಯ ಆಚೆ ಈಚೆಗಿನ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಆದ ಸಾವು ಶೇ 64ರಷ್ಟು ಕಡಿಮೆ ಇತ್ತು. ಕೈಯಿಂದ ಹಾಕಿದ ಖರ್ಚೂ ಇಳಿದಿತ್ತು. ಹಳ್ಳಿಗೇ ಹೋಗಿ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿದ್ದೂ ಕಾರಣ ಎಂದು ನನಗೆ ಅನಿಸುತ್ತದೆ. ಪಾಲಿಸಿ ಮಾರಿದ ಕಂಪನಿ ಹೀಗೆ ನಮ್ಮನ್ನು ಹುಡುಕಿಕೊಂಡು ಬಂದು ಎದೆ ಪರೀಕ್ಷೆ ಮಾಡುವುದಿಲ್ಲ.

ಸರ್ಕಾರಿ ದಾರಿಯೂ ಸಲೀಸಲ್ಲ. ರೆಫರಲ್ ಚೀಟಿಗೆ ಅಲೆಯಬೇಕು. ‘ಈ ಮಾತ್ರೆ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಮಾತು ಕೇಳದವರಿಲ್ಲ. ದಿನಗೂಲಿಯವರಿಗೆ ಸ್ಕ್ಯಾನಿಂಗ್‌ಗೆ ಕಾಯುವ ಒಂದೊಂದು ದಿನವೂ ಕಳೆದುಕೊಂಡ ಕೂಲಿ. ಎಪಿಎಲ್ ಕುಟುಂಬಕ್ಕಂತೂ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಬಿಪಿಎಲ್ ಗೆರೆಯನ್ನು ಸ್ವಲ್ಪವೇ ದಾಟಿದ, ಒಳ್ಳೆಯ ಪಾಲಿಸಿ ಕೊಳ್ಳಲಾಗದ ಮನೆಗಳಿಗೆ ಎರಡೂ ಕಡೆ ಬಾಗಿಲು ಅರ್ಧ ಮುಚ್ಚಿದೆ. ಅಂಗಡಿ ಇಟ್ಟುಕೊಂಡವರು, ಕ್ಯಾಬ್ ಓಡಿಸುವವರು, ಚಿಕ್ಕ ಖಾಸಗಿ ಶಾಲೆಯ ಶಿಕ್ಷಕರು ಇವರಲ್ಲೇ ಹೆಚ್ಚು. ಇವರ ಬಗ್ಗೆ ನನಗೆ ತುಂಬ ಕಳವಳವಿದೆ.

ಇನ್ನೊಂದು ವಿಷಯ ಮರೆಯುತ್ತೇವೆ. ಮನೆಯ ದುಡ್ಡು ಕರಗುವುದು ಆಪರೇಷನ್ನಿಗಷ್ಟೇ ಅಲ್ಲ. ತಿಂಗಳು ತಿಂಗಳು ಕೊಳ್ಳುವ ಮಾತ್ರೆಗೆ, ರಕ್ತಪರೀಕ್ಷೆಗೆ, ಕನ್ಸಲ್ಟೇಷನ್ ಫೀಜಿಗೆ. ಸಾಮಾನ್ಯ ಮೆಡಿಕ್ಲೇಮು ಇದನ್ನು ಕೊಡುವುದಿಲ್ಲ, ಆಯುಷ್ಮಾನ್ ಕಾರ್ಡೂ ಕೊಡುವುದಿಲ್ಲ. ಇದನ್ನು ಇಳಿಸಬಲ್ಲದ್ದು ಔಷಧ ದಾಸ್ತಾನಿರುವ, ಡಾಕ್ಟರಿರುವ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನೇ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಹೃದಯಾಘಾತವಾದ ಮೊದಲ ಗಂಟೆಯಲ್ಲಿ ಊರಿನ ರೈತನಿಗೂ, ಹಬ್ಬಕ್ಕೆಂದು ಊರಿಗೆ ಬಂದ ಸಾಫ್ಟ್‌ವೇರ್ ಎಂಜಿನಿಯರ್‌ಗೂ ಒದಗುವುದು ಅದೇ ಆಸ್ಪತ್ರೆ. ಕೋಟಿ ರೂಪಾಯಿಯ ಪಾಲಿಸಿ ಆಗ ನೆರವಿಗೆ ಬಾರದು.

2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವುದಾಗಿ ಹೇಳಿತ್ತು. 2021-22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84. ಆ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟರು. ಮಧ್ಯಮ ವರ್ಗ ತೆರಿಗೆಯನ್ನೂ ಕಟ್ಟಿ, ಕಂತನ್ನೂ ಕಟ್ಟಿ ಸರ್ಕಾರಿ ಆಸ್ಪತ್ರೆಯಿಂದ ದೂರವಾಗಿದೆ. ಪತ್ರಿಕೆಗೆ ಬರೆಯಬಲ್ಲ, ಅಧಿಕಾರಿಯನ್ನು ಪ್ರಶ್ನಿಸಬಲ್ಲ ಜನವೇ ಅಲ್ಲಿಗೆ ಹೋಗದಿದ್ದರೆ ಕೆಟ್ಟ ಸ್ಕ್ಯಾನಿಂಗ್ ಯಂತ್ರದ ಬಗ್ಗೆ ದೂರು ಕೊಡುವವರು ಯಾರು?

ಇರುವ ಪಾಲಿಸಿಯನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ಈಗಿನ ಸ್ಥಿತಿಯಲ್ಲಿ ಅದು ಬೇಕು. ಆದರೆ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ನಿಮ್ಮ ತಾಲ್ಲೂಕಿನಲ್ಲಿ ಅದರ ಸದಸ್ಯರು ಯಾರು, ಕಳೆದ ಸಭೆ ಯಾವಾಗ ನಡೆಯಿತು, ಬಂದ ಹಣ ಯಾವುದಕ್ಕೆ ಖರ್ಚಾಯಿತು, ಖಾಲಿ ಬಿದ್ದ ಡಾಕ್ಟರ ಹುದ್ದೆಗಳೆಷ್ಟು ಎಂದು ಹೋಗಿ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ.