ಜಾಲತಾಣದಲ್ಲೊಂದು ಅಂಗಡಿ

ವ್ಯಾಪಾರಕ್ಕೆ ನಂಬಿಕೆಯೇ ಆಧಾರ. ಸಂತೆಯಲ್ಲಿ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ಮಾರುವವನು ಹಣವನ್ನು ಎಣಿಸಿಕೊಳ್ಳುತ್ತಾನೆ. ಇಬ್ಬರೂ ಎದುರೆದುರಿಗೆ ಇರುವುದರಿಂದ ಸಂಶಯಕ್ಕೆ ಎಡೆ ಕಡಿಮೆ. ಆದರೆ ಒಬ್ಬರನ್ನೊಬ್ಬರು ಎಂದೂ ಕಾಣದವರು ಕೊಟ್ಟು ಕೊಳ್ಳುವುದು ಹೇಗೆ?

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು ತೊಗರಿಯ ಸೀಮೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಶಹಾಬಾದಿನ ಹಾಸುಗಲ್ಲು ಬಹುಕಾಲದಿಂದ ಹೆಸರುವಾಸಿಯಾಗಿದೆ. ವಾಡಿ ಜಂಕ್ಷನ್ನಿನಿಂದ ಮುಂಬಯಿ, ಹೈದರಾಬಾದು, ಚೆನ್ನೈಗಳ ಕಡೆಗೆ ರೈಲುಮಾರ್ಗಗಳಿವೆ. ಸರಕು ದೂರ ಹೋಗಬಲ್ಲದು. ಹಣವೂ ಅಷ್ಟೇ ಸುರಕ್ಷಿತವಾಗಿ ಬಂದು ಸೇರುವುದಾದರೆ, ಸೇಡಂನ ಸಣ್ಣ ಬೇಳೆ ವ್ಯಾಪಾರಿಯೂ ಮಧ್ಯವರ್ತಿಗಳ ಹಂಗಿಲ್ಲದೆ ಬೆಂಗಳೂರಿನ ಗ್ರಾಹಕನಿಗೆ ನೇರವಾಗಿ ಮಾರಬಹುದು. ಜಾಲತಾಣದಲ್ಲಿ ಕಾರ್ಡಿನ ಮೂಲಕ ಹಣ ಪಡೆಯುವ ಏರ್ಪಾಡು ಇದನ್ನು ಸಾಧ್ಯವಾಗಿಸಿದೆ.

ಇದಕ್ಕಾಗಿ ವ್ಯಾಪಾರಿಯು ಮೊದಲು ಅಂಗಡಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆಯುವುದು ಒಳ್ಳೆಯದು. ಬಳಿಕ ಭಾರತೀಯ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಪಾವತಿ ಸಂಸ್ಥೆಯೊಂದರಲ್ಲಿ ಹೆಸರು ನೋಂದಾಯಿಸಿ, ಪ್ಯಾನ್ ಕಾರ್ಡು, ವಿಳಾಸದ ದಾಖಲೆ ಮೊದಲಾದುವನ್ನು ಒಪ್ಪಿಸಬೇಕು. ಜಾಲತಾಣದಲ್ಲಿ ಬೆಲೆ, ತೂಕ, ವಿಳಾಸ ಹಾಗೂ ಸರಕನ್ನು ಹಿಂತಿರುಗಿಸುವ ನಿಯಮಗಳು ಸ್ಪಷ್ಟವಾಗಿರಬೇಕು. ಸಂಸ್ಥೆಯು ಕೊಡುವ ಗುಪ್ತ ಸಂಕೇತದ ಮೂಲಕ ಜಾಲತಾಣವನ್ನು ಅದರೊಡನೆ ಜೋಡಿಸಿ, ನಿಜವಾದ ಹಣ ತೊಡಗದ ಪರೀಕ್ಷಾ ಪಾವತಿಗಳಿಂದ ಸರಿನೋಡಬೇಕು. ಆ ಸಂಕೇತವು ಗಲ್ಲಾಪೆಟ್ಟಿಗೆಯ ಕೀಲಿಕೈ ಇದ್ದಂತೆ. ಅದು ಪರರ ಕೈಸೇರಬಾರದು.

ಇನ್ನು ಹಣವು ಸಾಗುವ ಬಗೆಯನ್ನು ನೋಡೋಣ. ಗ್ರಾಹಕನು ಪಾವತಿ ಸಂಸ್ಥೆಯ ಪುಟದಲ್ಲಿ ಕಾರ್ಡಿನ ಸಂಖ್ಯೆಯನ್ನು ಬರೆಯುತ್ತಾನೆ. ಅದು ಗೂಢಲಿಪಿಯಾಗಿ ಮಾರ್ಪಟ್ಟು, ರುಪೇ, ವೀಸಾ ಮೊದಲಾದ ಜಾಲಗಳ ಮೂಲಕ ಅವನ ಬ್ಯಾಂಕನ್ನು ತಲುಪುತ್ತದೆ. ಬ್ಯಾಂಕು ಸಾಮಾನ್ಯವಾಗಿ ಅವನ ಮೊಬೈಲಿಗೆ ಒಂದೇ ಸಲ ಬಳಸಬಹುದಾದ ಗುಪ್ತಸಂಖ್ಯೆಯನ್ನು ಕಳುಹಿಸಿ, ಕಾರ್ಡು ಅವನದೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಇಂತಹ ಎರಡನೆಯ ಖಾತರಿ ಬೇಕೆಂಬ ನಿಯಮವು ನಮ್ಮ ದೇಶದಲ್ಲಿ 2009ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಕ್ಷಣಗಳಲ್ಲಿ ಒಪ್ಪಿಗೆ ಮರಳುತ್ತದೆ. ಹಣವು ಸಂಸ್ಥೆಯ ಶುಲ್ಕ ಕಳೆದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವ್ಯಾಪಾರಿಯ ಖಾತೆಗೆ ಸೇರುತ್ತದೆ. 2022ರ ಅಕ್ಟೋಬರ್ 1ರಿಂದ, ವ್ಯಾಪಾರಿಗಳು ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ಮುಂದಿನ ಖರೀದಿಗೆಂದು ಕೂಡಿಡುವಂತಿಲ್ಲ.

ಆದರೂ ವ್ಯಾಪಾರಿಯು ಎಚ್ಚರ ತಪ್ಪಬಾರದು. ಹಣ ಕಳುಹಿಸಿದೆನೆಂದು ಯಾರೋ ತೋರಿಸುವ ಚಿತ್ರವನ್ನು ನಂಬದೆ, ಪಾವತಿ ಸಂಸ್ಥೆಯ ಲೆಕ್ಕವನ್ನೇ ನೋಡಿ ಸರಕನ್ನು ಕಳುಹಿಸಬೇಕು. ಸರಕು ತಲುಪಲಿಲ್ಲವೆಂದೋ ಕೆಟ್ಟಿದೆಯೆಂದೋ ಗ್ರಾಹಕನು ತನ್ನ ಬ್ಯಾಂಕಿಗೆ ದೂರು ಕೊಟ್ಟರೆ, ಬಂದ ಹಣವೂ ಹಿಂದಕ್ಕೆ ಹೋಗಬಹುದು. ಆಗ ನೆರವಿಗೆ ಬರುವುವು ಬಿಲ್ಲು ಮತ್ತು ಸರಕು ರವಾನಿಸಿದ ರಸೀದಿ.

ಇಷ್ಟೆಲ್ಲ ಏರ್ಪಾಡು ಇದ್ದರೂ ಚೀಲದೊಳಗಿನ ಬೇಳೆಯನ್ನು ಯಾವ ಬ್ಯಾಂಕೂ ತೂಗಿ ನೋಡುವುದಿಲ್ಲ. ಸರಿಯಾದ ತೂಕ, ಶುದ್ಧವಾದ ಸರಕು, ಆಡಿದಂತೆ ನಡೆಯುವ ಗುಣ ಇವು ವ್ಯಾಪಾರಿಯಿಂದಲೇ ಬರಬೇಕು. ಕಾಣದ ಗ್ರಾಹಕನು ಎರಡನೆಯ ಸಲ ಅದೇ ಅಂಗಡಿಯನ್ನು ಹುಡುಕಿಕೊಂಡು ಬರುವುದು ಇವುಗಳಿಂದಲೇ.